ನೂಲು ಉಂಡ ಮೇಲೆ

“ಅಜ್ಜಾರ, ಮನಸ್ಸು ಕೆಟ್ಟಾವರನ್ನ ಮಠದಾಗ ಇಟ್ಕೊಂಡ್ರ ಉಳಿದವರ ಮನಸ್ಸೂ ಕೆಡೂದಿಲ್ಲೇನ್ರೀ?” ಎಂದು ಚರಂತಯ್ಯ ಕೇಳಿದ.

ಆ ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಚರಂತಯ್ಯ ಅವರ ಶಿಷ್ಯ. ಬಂದವರಿಗೆಲ್ಲ ಊಟ ಹಾಕುವ ದಾಸೋಹದ ಉಸ್ತುವಾರಿ ಅವನದು. ಪ್ರಶ್ನೆ ಎಲ್ಲರನ್ನೂ ಕುರಿತು ಕೇಳಿದಂತಿತ್ತು. ಆದರೆ ಅವನ ಮನಸ್ಸಿನಲ್ಲಿದ್ದವನು ಒಬ್ಬನೇ, ಅಡುಗೆಯ ಗದಿಗೆಪ್ಪ. ಗದಿಗೆಪ್ಪ ಎರಡನೆಯ ಸಲ ಸಾರು ಕೇಳಿದವರ ಮೇಲೆ ರೇಗುತ್ತಾನೆ, ಸೌಟನ್ನು ಕುಕ್ಕಿ ಬಡಿಸುತ್ತಾನೆ ಎಂದು ಚರಂತಯ್ಯ ದೂರು ತಂದಿದ್ದ. ಹಿಂದಿನ ದಿನವಂತೂ ಒಬ್ಬ ಮುದುಕನಿಗೆ, ನಿನ್ನದು ಹೊಟ್ಟೆಯೋ ಕಾಳು ತುಂಬುವ ಹಗೇವೋ ಎಂದು ಪಂಕ್ತಿಯಲ್ಲೇ ಕೇಳಿಬಿಟ್ಟಿದ್ದ. ಮುದುಕ ಅರ್ಧ ಊಟಕ್ಕೇ ಎದ್ದು ಹೋಗಿದ್ದ. ಇಂಥವನನ್ನು ಕೆಲಸದಿಂದ ಬಿಡಿಸಬೇಕು, ಅಜ್ಜಾರು ಹೂಂ ಎಂದರೆ ಸಾಕು ಎಂದು ಚರಂತಯ್ಯ ಬಂದಿದ್ದ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಚರಂತಯ್ಯ ಕೆಲವು ವಾರಗಳಿಂದ ಒಂದು ವ್ರತ ಹಿಡಿದಿದ್ದ. ದಿನಕ್ಕೊಮ್ಮೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಅದರಿಂದ ಮನಸ್ಸು ತಿಳಿಯಾಗುತ್ತದೆ ಎಂದು ಅವನ ನಂಬಿಕೆ. ವ್ರತ ಹಿಡಿದ ಮೇಲೆ ಎಲ್ಲರ ತಪ್ಪುಗಳೂ ಅವನಿಗೆ ಬಹಳ ಸ್ಪಷ್ಟವಾಗಿ ಕಾಣತೊಡಗಿದ್ದವು. ಇದನ್ನೇ ಅವನು ಮನಸ್ಸು ತಿಳಿಯಾಗುತ್ತಿರುವ ಗುರುತು ಎಂದುಕೊಂಡಿದ್ದ.

ಅಜ್ಜಾರಿಗೆ ವಯಸ್ಸಾಗಿತ್ತು. ಬೆಳಗಿನಿಂದ ಬಂದವರ ಕಷ್ಟಗಳನ್ನು ಕೇಳಿ ದಣಿದಿದ್ದರು. ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಿ ಕಳಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಕಂಬಕ್ಕೆ ಒರಗಿ ಕಾಲು ಚಾಚಿ, ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ ಅವರದು. ಗುಂಡಿಯೊಳಗೆ ಕಾಲಿಳಿಸಿ ಕೂತು, ಕಾಲಿನಿಂದ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ ಅವನು ನೇಯುತ್ತಿದ್ದ. ಹೆಂಡತಿ ಪಕ್ಕದಲ್ಲೇ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಇಡುವ ನೂಲಿನ ಸುತ್ತು. ಅದನ್ನು ಬಿಗಿಯಾಗಿ ಸುತ್ತಬೇಕು. ಸಡಿಲವಾದರೆ ನೂಲು ಸಿಕ್ಕು ಬೀಳುತ್ತದೆ. ಅವಳು ಮಾತಿನವಳು. ಸುತ್ತುತ್ತಲೇ ಓಣಿಯ ಸುದ್ದಿಯನ್ನೆಲ್ಲ ಹೇಳಿ ನಗುತ್ತಿದ್ದಳು. ಅವನು ಹೆಚ್ಚು ಮಾತನಾಡುತ್ತಿರಲಿಲ್ಲ. ಆದರೆ ಅವಳ ನಗು ಕಿವಿಯಲ್ಲಿದ್ದರೆ ಅವನ ಕೈ ಸಲೀಸಾಗಿ ಓಡುತ್ತಿತ್ತು.

ಆ ಓಣಿಯಲ್ಲಿ ಒಂದು ರೂಢಿ ಇತ್ತು. ನೇಯುವ ಮೊದಲು ಉದ್ದನೆಯ ನೂಲನ್ನು ಬೀದಿಯಲ್ಲಿ ಹರಡಿ ಕಟ್ಟಿ, ಅದಕ್ಕೆ ಅಕ್ಕಿಯ ಗಂಜಿ ಹಚ್ಚಬೇಕು. ಗಂಜಿ ಕುಡಿದ ನೂಲಿಗೆ ಕಸುವು ಬರುತ್ತದೆ, ಮಗ್ಗದ ಎಳೆತಕ್ಕೆ ಹರಿಯುವುದಿಲ್ಲ. ಈ ಕೆಲಸ ಬಿಸಿಲೇರುವ ಮೊದಲೇ ಮುಗಿಯಬೇಕು. ಬಿಸಿಲು ಬಿದ್ದರೆ ಗಂಜಿ ಗಂಟುಗಂಟಾಗಿ ಒಣಗಿಬಿಡುತ್ತದೆ. ಆದ್ದರಿಂದ ಆ ದಿನ ಬೆಳಗ್ಗೆ ಯಾರಿಗೂ ಊಟ ಮಾಡಲು ಪುರುಸೊತ್ತು ಇರುತ್ತಿರಲಿಲ್ಲ. ಪುರುಸೊತ್ತಿಲ್ಲದ್ದೇ ಕಾಲಕ್ರಮದಲ್ಲಿ ನಿಯಮವಾಯಿತು. ನೂಲು ಉಂಡ ಮೇಲೆ ಮನೆಯವರು ಉಣ್ಣಬೇಕು ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಆ ಹಿರಿಯರು ಗಂಜಿಯ ಕೆಲಸ ಮುಗಿದ ಕೂಡಲೇ ಕೈಕಾಲು ತೊಳೆದುಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದರು. ನಿಯಮ ಇದ್ದದ್ದು ಒಂದು ಬೆಳಗಿಗೆ ಮಾತ್ರ.

ಒಂದು ಸಲ ಗಂಜಿ ಹಚ್ಚಿದ ದಿನ ನೇಕಾರ ಉಣ್ಣದೆ ನೇರವಾಗಿ ಮಗ್ಗಕ್ಕೆ ಇಳಿದ. ಒಂದು ದೊಡ್ಡ ಮನೆಯ ಮದುವೆಗೆ ಸೀರೆ ಬೇಕಾಗಿತ್ತು, ಅವಸರವಿತ್ತು. ಆ ದಿನ ಅವನ ಮೈ ಹತ್ತಿಯಂತೆ ಹಗುರಾಗಿತ್ತು. ಕೈ ತಾನೇ ಓಡಿತು. ಆ ಸೀರೆಯನ್ನು ನೋಡಿದವರೆಲ್ಲ ಹೊಗಳಿದರು. ಅವನು ಅದನ್ನು ಕುರಿತು ಯೋಚಿಸಿದ. ಹೊಟ್ಟೆ ಖಾಲಿ ಇದ್ದುದರಿಂದಲೇ ಕೈ ಹಗುರಾಯಿತು ಎಂದು ತೀರ್ಮಾನಿಸಿದ. ಹಿಂದಿನ ದಿನ, ಅದರ ಹಿಂದಿನ ದಿನ ತಾನು ಚೆನ್ನಾಗಿ ಉಂಡಿದ್ದೆ, ಆ ದಿನ ಕೈ ಓಡಿಸಿದ್ದು ಆ ಊಟ ಎಂಬುದು ಅವನಿಗೆ ಹೊಳೆಯಲಿಲ್ಲ. ಅಲ್ಲಿಂದ ಅವನು ಒಂದು ಬೆಳಗಿನ ನಿಯಮವನ್ನು ಎಲ್ಲ ದಿನಕ್ಕೂ ಹಿಗ್ಗಿಸಿಕೊಂಡ.

ಹೆಂಡತಿ ರೊಟ್ಟಿ, ಪಲ್ಯ, ಬೇಳೆಸಾರು ತಂದಿಟ್ಟರೆ, ಆಮೇಲೆ ಎನ್ನುತ್ತಿದ್ದ. ಆಮೇಲೆ ಎಂಬುದು ಬರುತ್ತಿರಲಿಲ್ಲ. ಗುಂಡಿಯಿಂದ ಮೇಲೆದ್ದರೆ ಕೈಯ ಲಯ ತಪ್ಪುತ್ತದೆ ಎಂದು ಕೂತಲ್ಲಿಗೇ ಚಹಾ ತರಿಸಿಕೊಳ್ಳುತ್ತಿದ್ದ. ಹಸಿವು ತೀರಾ ಕಚ್ಚಿದರೆ ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ, ಮೇಲೆ ಇನ್ನೊಂದು ಚಹಾ. ಹೀಗೆ ಬಹಳ ದಿನ ಕಳೆಯಿತು. ಹಸಿವು ಕೇಳಿ ಕೇಳಿ ಬೇಸತ್ತು ಸುಮ್ಮನಾಯಿತು. ಹಸಿವು ಸುಮ್ಮನಾದದ್ದನ್ನು ಅವನು ಹಸಿವು ತೀರಿತು ಎಂದು ತಿಳಿದ.

ಮೊದಲು ಹೋದದ್ದು ನಿದ್ದೆ. ಆಮೇಲೆ ತಾಳ್ಮೆ. ಲಾಳಿಯನ್ನು ಬಿಡುವಾಗ ಕೈ ಒಂದಿಷ್ಟು ಜೋರಾಗಿ ಬೀಸತೊಡಗಿತು, ಕಾಲು ಒಂದಿಷ್ಟು ಹೆಚ್ಚಾಗಿ ತುಳಿಯತೊಡಗಿತು. ನೂಲು ಹರಿಯಿತು. ಹರಿದದ್ದನ್ನು ಗಂಟು ಹಾಕಿದ, ಮತ್ತೆ ಹರಿಯಿತು. ನೂಲಿಗೆ ಕಸುವಿಲ್ಲ ಎಂದು ಅವನಿಗೆ ಅನ್ನಿಸಿತು. ನೂಲು ಮಾರಿದವನು ಮೋಸ ಮಾಡಿದ ಎಂದು ಬೈದ. ಮುಂದಿನ ಸಲ ಗಂಜಿಯನ್ನು ಇನ್ನೂ ಗಟ್ಟಿಯಾಗಿ ಕಾಯಿಸು ಎಂದು ಹೆಂಡತಿಗೆ ಹೇಳಿದ. ಅವಳು ಕಾಯಿಸಿದಳು. ಅದರ ಮುಂದಿನ ಸಲ ಇನ್ನೂ ಗಟ್ಟಿ. ಮಿತಿ ಮೀರಿ ಗಂಜಿ ಕುಡಿದ ನೂಲು ಕಡ್ಡಿಯಂತೆ ಬಿರುಸಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಅವನಿಗೂ ಗೊತ್ತಿತ್ತು. ಆದರೆ ದಣಿದ ತಲೆಗೆ ಗೊತ್ತಿರುವ ಮಾತು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ನೂಲು ಹರಿದಷ್ಟೂ ಅವನು ನೂಲಿಗೆ ಉಣಿಸಿದ. ತಾನು ಮಾತ್ರ ಚಹಾ ಕುಡಿದ.

ಈ ನಡುವೆ ಹೆಂಡತಿಯ ಮಾತು ಕಡಿಮೆಯಾಗುತ್ತ ಬಂತು. ನಗು ಯಾವಾಗ ನಿಂತಿತೋ ಅವನು ಗಮನಿಸಿರಲಿಲ್ಲ. ನಿಂತು ಬಹಳ ದಿನವಾದ ಮೇಲೆ ಗಮನಿಸಿದ. ಅವಳು ಸುತ್ತಿದ ಕಂಡಿಕೆ ಸಡಿಲವಾಗಿರುತ್ತಿತ್ತು. ಕೇಳಿದರೆ ಉತ್ತರ ಕೊಡದೆ ಗೋಡೆ ನೋಡುತ್ತಿದ್ದಳು. ಇವಳು ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ, ನನ್ನನ್ನು ಕಂಡರೆ ಇವಳಿಗೆ ಆಗುವುದಿಲ್ಲ ಎಂದು ಅವನು ಲೆಕ್ಕ ಹಾಕಿದ. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಅದಕ್ಕೆ ಸಾಕ್ಷಿ ಎಲ್ಲೆಲ್ಲೂ ಸಿಗತೊಡಗಿತು. ಅವಳು ಲೋಟ ಇಟ್ಟ ಸದ್ದಿನಲ್ಲೂ ಅವನಿಗೆ ಸಿಟ್ಟು ಕೇಳಿಸಿತು.

ಒಂದು ಮಧ್ಯಾಹ್ನ ಮಗ್ಗಕ್ಕೆ ಇರುವೆ ಬಂದವು. ಅಡುಗೆಮನೆಯನ್ನು ದಾಟಿ, ನಡುಮನೆಯನ್ನು ದಾಟಿ, ಸಾಲುಗಟ್ಟಿ ನೇರವಾಗಿ ನೂಲಿಗೇ ಬಂದಿದ್ದವು. ಅಷ್ಟು ಗಟ್ಟಿ ಗಂಜಿ ಅಲ್ಲಿತ್ತು. ಎಳೆಗಳ ಮೇಲೆಲ್ಲ ಇರುವೆ ಹರಿದಾಡುತ್ತಿದ್ದವು. ನೇಕಾರ ಗುಂಡಿಯೊಳಗೆ ಕೂತು ಅದನ್ನೇ ನೋಡುತ್ತಿದ್ದ. ಹೆಂಡತಿಯೂ ನೋಡಿದಳು. ಎಷ್ಟೋ ದಿನದ ಮೇಲೆ ಅವಳು ತಾನಾಗಿ ಒಂದು ಮಾತಾಡಿದಳು.

“ಇರುವಿಗೆ ತಿಳದೈತಿ ನೋಡ್ರಿ, ಈ ಮನ್ಯಾಗ ಊಟ ಎಲ್ಲಿ ಐತಿ ಅಂತ.”

ಆ ಮಾತಿನಲ್ಲಿ ಕುಹಕ ಇತ್ತೋ ಇಲ್ಲವೋ, ಅವನಿಗೆ ಕುಹಕವೇ ಕೇಳಿಸಿತು. ಅವನ ಕೈಯಲ್ಲಿ ಲಾಳಿ ಇತ್ತು. ಲಾಳಿಯ ಎರಡೂ ತುದಿ ಚೂಪಾಗಿರುತ್ತವೆ. ಎಸೆಯಬೇಕೆಂದು ಅವನು ಯೋಚಿಸಲಿಲ್ಲ. ಆದರೆ ಲಾಳಿ ಕೈಯಿಂದ ಹೋಯಿತು. ಅವಳ ಕಿವಿಯ ಪಕ್ಕದಿಂದ ಹಾದು ಹಿಂದಿದ್ದ ನೀರಿನ ಗಡಿಗೆಗೆ ಬಿತ್ತು. ಗಡಿಗೆ ಒಡೆಯಿತು.

ಅವಳು ಚೂರುಗಳನ್ನು ಬಳಿದು ಹಾಕಿದಳು, ನೀರು ಒರೆಸಿದಳು. ಆಮೇಲೆ ಸೀರೆ ಬದಲಿಸಿ, ತಮ್ಮನ ಊರಿಗೆ ಹೋಗುತ್ತೇನೆ ಎಂದಳು. ಎಂದು ಬರುತ್ತೀ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಾರದೆಯೂ ಇರಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ಹೋದ ಮೇಲೆ ಅವನು ಎಂದಿನಂತೆ ಮಗ್ಗಕ್ಕೆ ಇಳಿದ. ಒಂದು ಎಳೆ ಹರಿಯಿತು. ಒಂದೇ ಎಳೆ, ಕೂದಲಿನಷ್ಟು ಸಣ್ಣದು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವನು ಅತ್ತ. ಮನೆಯಲ್ಲಿ ಯಾರೋ ತೀರಿಕೊಂಡಂತೆ ಅತ್ತ. ತಾನು ಹೀಗೆ ಅಳುತ್ತಿರುವುದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು. ನಾನು ಹೀಗಿರಲಿಲ್ಲ, ನನ್ನ ಮನಸ್ಸು ಕೆಟ್ಟಿದೆ ಎಂದುಕೊಂಡ. ಮರುಕ್ಷಣವೇ, ಕೆಡಿಸಿದವಳು ಅವಳು ಎಂದುಕೊಂಡ. ಓಣಿಯವರು ದೃಷ್ಟಿ ತಾಗಿದೆ ಎಂದು ನಿವಾಳಿಸಿದರು, ತಾಯತ ಕಟ್ಟಿದರು. ಅದರಿಂದ ಏನೂ ಆಗಲಿಲ್ಲ. ಕೊನೆಗೆ, ಹೋಗಿ ಕೇಳಿಯೇ ಬಿಡುತ್ತೇನೆ, ಬರುತ್ತಾಳೋ ಇಲ್ಲವೋ ಇಂದೇ ತೀರ್ಮಾನವಾಗಲಿ ಎಂದು ಹೊರಟ.

ಹೆಂಡತಿಯ ತಮ್ಮನ ಊರಿಗೆ ನಡೆದೇ ಹೋಗಬೇಕು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಕಂಡಿಕೆ ಸಡಿಲವಾಗಿ ಸುತ್ತಿದ್ದು. ಕೇಳಿದರೆ ಮಾತನಾಡದೆ ಇದ್ದದ್ದು. ನಗುವುದನ್ನು ಬಿಟ್ಟದ್ದು. ಗಂಡ ಕಷ್ಟದಲ್ಲಿರುವಾಗ ಇರುವೆಯ ಪಕ್ಷ ವಹಿಸಿದ್ದು. ಒಂದನ್ನೂ ಮರೆಯಬಾರದೆಂದು ಬಾಯಲ್ಲೇ ಮತ್ತೆ ಮತ್ತೆ ಹೇಳಿಕೊಂಡ. ದಾರಿಯಲ್ಲಿ ಒಂದೆರಡು ಕಡೆ ಕಣ್ಣು ಕತ್ತಲೆ ಬಂದು ಮರದ ಕೆಳಗೆ ಕೂತ. ಅದೂ ಅವಳ ತಪ್ಪೇ ಎಂದು ಅದನ್ನೂ ಸೇರಿಸಿಕೊಂಡ.

ಹೆಂಡತಿಯ ತಮ್ಮ ಒಬ್ಬ ರೈತ. ಬಾಗಿಲಲ್ಲಿ ನಿಂತ ಭಾವನನ್ನು ನೋಡಿ ಅವನು ಕಾಲಿಗೆ ನೀರು ಕೊಟ್ಟ, ಮಣೆ ಹಾಕಿದ, ತಾಟು ಇಡಲು ಒಳಗೆ ಹೇಳಿದ. ಆ ಮನೆಯಲ್ಲೂ ಒಂದು ರೂಢಿ ಇತ್ತು. ಜಗಳ ಹೊತ್ತು ಬಂದವರಿಗೆ ಮೊದಲು ಊಟ, ಆಮೇಲೆ ಜಗಳ. ಉಣ್ಣದವನ ಮಾತನ್ನು ಅಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಇದು ಜಾಣತನದಿಂದ ಹುಟ್ಟಿದ್ದೋ, ಜಗಳವನ್ನು ಮುಂದೂಡುವ ಸೋಮಾರಿತನದಿಂದ ಹುಟ್ಟಿದ್ದೋ ಹೇಳಲಾಗದು. ಅಂತೂ ಇತ್ತು.

ನೇಕಾರ, ತಾನು ಉಣ್ಣಲು ಬಂದವನಲ್ಲ, ಮಾತನಾಡಲು ಬಂದವನು ಎಂದ.

“ಮಾತು ಎಲ್ಲೂ ಹೋಗೂದಿಲ್ಲ ಮಾಮಾ, ರೊಟ್ಟಿ ಆರತಾವ. ಕುಂದರ್ರಿ,” ಎಂದ ರೈತ.

ನೇಕಾರ ಕೂತ. ಹಟ ಮಾಡಲೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಗಟ್ಟಿ ಮೊಸರು. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಅವನು ಹೇಳಿದ, ಇದ್ದರೂ ಇರಬಹುದು ಎಂದು ಅವರು ನೀರು ಕೊಟ್ಟರು. ಉಂಡು ಕೈ ತೊಳೆದು, ಇನ್ನು ಮಾತನಾಡಬೇಕು ಎಂದುಕೊಳ್ಳುತ್ತಲೇ ಕಟ್ಟೆಗೆ ಒರಗಿದ. ಒರಗಿದಲ್ಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಹೊತ್ತು ಇಳಿದಿತ್ತು. ಒಳಗಿನಿಂದ ಒಂದು ನಗು ಕೇಳಿಸಿತು. ಯಾರದಿರಬಹುದು ಎಂದು ಮಲಗಿದ್ದಲ್ಲಿಂದಲೇ ಕಿವಿಗೊಟ್ಟ. ರೈತನ ಹೆಂಡತಿ ಏನೋ ಹೇಳುತ್ತಿದ್ದಳು, ಮತ್ತೊಬ್ಬಳು ನಗುತ್ತಿದ್ದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಅವನ ಹೆಂಡತಿಯ ನಗು.

ಅವನು ಎದ್ದು ಕೂತು, ಇವಳು ಎಂದಿನಿಂದ ಹೀಗೆ ನಗುತ್ತಿದ್ದಾಳೆ ಎಂದು ರೈತನನ್ನು ಕೇಳಿದ. ರೈತ ಎಮ್ಮೆಗೆ ಮೇವು ಹಾಕುತ್ತಿದ್ದ. ಅಕ್ಕ ಬಂದಾಗ ಗೋಡೆ ನೋಡುತ್ತ ಕೂತಿರುತ್ತಿದ್ದಳು ಎಂದ. ಮನೆಯವರು ಪಕ್ಕದಲ್ಲಿ ಕೂರಿಸಿಕೊಂಡು ಹೊತ್ತು ಹೊತ್ತಿಗೆ ಉಣ್ಣಿಸಿದರು. ಉಣ್ಣುತ್ತ ಉಣ್ಣುತ್ತ ಮೊದಲು ನಿದ್ದೆ ಬಂತು, ಆಮೇಲೆ ಮಾತು ಬಂತು, ಈಚೆಗೆ ನಗು ಬಂದಿದೆ. ಇಷ್ಟು ಹೇಳಿ ಅವನು ಕೊಟ್ಟಿಗೆಯ ಕಡೆ ಹೋದ.

ಹೆಂಡತಿ ಹೊಸ್ತಿಲಿಗೆ ಬಂದು ನಿಂತಳು. ಗಂಡನನ್ನು ನೋಡಿ ಅವಳ ನಗು ನಿಂತಿತ್ತು. ನೇಕಾರ ಜೋಡಿಸಿ ತಂದಿದ್ದ ಮಾತುಗಳನ್ನು ಹುಡುಕಿದ. ಬಾಗಿಲಿಗೆ ಬರುವವರೆಗೂ ಬಾಯಲ್ಲೇ ಇದ್ದವು. ಈಗ ಅರ್ಧದಷ್ಟು ಸಿಗಲಿಲ್ಲ, ಸಿಕ್ಕವು ಹೇಳುವಂಥವಾಗಿ ಕಾಣಲಿಲ್ಲ. ಅವನ ಬಾಯಿಂದ ಬೇರೆಯೇ ಮಾತು ಬಂತು.

“ಅಲ್ಲಿ ನೀ ಉಣತಿದ್ದಿಲ್ಲೇನು?”

“ನೀವು ಉಂಡ ಮ್ಯಾಲ ಉಣಬೇಕಂತ ಕುಂದರತಿದ್ದೆ,” ಎಂದಳು ಅವಳು. “ನೀವು ಉಣತಿದ್ದಿಲ್ಲ.”

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ದೂರಿನಂತೆ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಒಂದು ಉತ್ತರ ಹುಡುಕಬಹುದಾಗಿತ್ತು. ಗಂಡ ಉಂಡ ಮೇಲೆ ಹೆಂಡತಿ ಉಣ್ಣುವುದು ಆ ಓಣಿಯ ಎಲ್ಲ ಮನೆಗಳ ರೂಢಿ. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅವನು ತಟ್ಟೆ ಸರಿಸಿದ ದಿನವೆಲ್ಲ ಅವಳ ತಟ್ಟೆಯೂ ಸರಿದಿತ್ತು. ಅವನು ಕುಡಿದ ಚಹಾದ ಉಳಿದ ಗುಟುಕು ಅವಳದಾಗಿತ್ತು. ಕಂಡಿಕೆ ಸಡಿಲಾದದ್ದು ಬೆರಳಿಗೆ ಬಿಗಿಯುವ ಬಲವಿಲ್ಲದೆ. ಮಾತು ನಿಂತದ್ದು ಮಾತನಾಡಲು ತ್ರಾಣವಿಲ್ಲದೆ. ತನ್ನ ಮೇಲಿನ ದ್ವೇಷ ಎಂದು ಅವನು ಓದಿಕೊಂಡದ್ದೆಲ್ಲ ತನ್ನದೇ ಹಸಿವಿನ ಇನ್ನೊಂದು ಪಾಲಾಗಿತ್ತು. ಅವಳೂ ಹೊಸ್ತಿಲ ಮೇಲೆ ಕೂತಳು. ಗಡಿಗೆಯ ಮಾತನ್ನು ಅವನೇ ತೆಗೆದ. ಆ ಲಾಳಿ ಕಣ್ಣಿಗೆ ಬಿದ್ದಿದ್ದರೆ ಎಂದು ಹೇಳಲು ಹೋಗಿ ಮುಗಿಸಲಾರದೆ ಹೋದ. ಬೀಳಲಿಲ್ಲ, ಆದರೆ ಅದನ್ನು ಮರೆಯುವುದಿಲ್ಲ ಎಂದಳು ಅವಳು. ಮರೆಯಬೇಡ ಎಂದ ಅವನು.

ಒಂದು ಊಟಕ್ಕೆ ಎಲ್ಲ ಸರಿಹೋಯಿತು ಎಂದು ತಿಳಿಯಬಾರದು. ಹಾಗಾಗುವುದಿಲ್ಲ. ಬಹಳ ದಿನ ಕೂಡಿ ಕೆಟ್ಟದ್ದು ಬಹಳ ದಿನ ಕೂಡಿಯೇ ಸರಿಯಾಗಬೇಕು. ಅವರು ಆ ಮನೆಯಲ್ಲಿ ಕೆಲವು ದಿನ ಉಳಿದರು. ಹೊಟ್ಟೆ ಊಟವನ್ನು ಮರೆತಿತ್ತು, ಅದಕ್ಕೆ ನಿಧಾನವಾಗಿ ನೆನಪು ಮಾಡಿಕೊಡಬೇಕಾಯಿತು. ನೇಕಾರನಿಗೆ ನಡುನಡುವೆ ಸಿಟ್ಟು ಏರುತ್ತಿತ್ತು, ಕಾರಣವಿಲ್ಲದೆ ಅಳು ಬರುತ್ತಿತ್ತು. ಆಗ ಅವನು ಯಾರ ತಪ್ಪು ಎಂದು ಹುಡುಕುವ ಮೊದಲು, ನಾನು ಉಂಡದ್ದು ಯಾವಾಗ, ಮಲಗಿದ್ದು ಯಾವಾಗ ಎಂದು ಕೇಳಿಕೊಳ್ಳುವುದನ್ನು ಕಲಿತ. ಎಲ್ಲ ದುಃಖವೂ ಹೊಟ್ಟೆಯಿಂದಲೇ ಬರುತ್ತದೆ ಎಂದಲ್ಲ. ಉಂಡವರಿಗೂ ದುಃಖ ಇದ್ದೇ ಇದೆ. ಆದರೆ ಯಾವುದು ದುಃಖ, ಯಾವುದು ಹಸಿವು ಎಂದು ಬೇರೆ ಮಾಡಿ ನೋಡಲು ಸಹ ಒಂದು ತುತ್ತು ಬೇಕಾಗುತ್ತದೆ.

ಆಮೇಲೆ ಇಬ್ಬರೂ ಊರಿಗೆ ಮರಳಿದರು. ಮಗ್ಗದ ಮೇಲಿದ್ದ ನೂಲು ಕೆಲಸಕ್ಕೆ ಬಾರದಂತಾಗಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸದನ್ನು ಹೂಡಿದರು. ಹೊತ್ತಿಗೆ ಸರಿಯಾಗಿ ಅವನು ಗುಂಡಿಯಿಂದ ಮೇಲೆದ್ದು ಬರುತ್ತಿದ್ದ. ಎರಡು ತಾಟು ಎದುರುಬದುರು ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ನಿನ್ನೆ ಮೊನ್ನೆ ಮದುವೆಯಾದವರ ಹಾಗೆ ಜೋಡಿ ಕೂತು ಉಣ್ಣುತ್ತಾರೆ, ಈ ವಯಸ್ಸಿನಲ್ಲಿ ನಾಚಿಕೆ ಬೇಡವೇ ಎಂದು ಓಣಿಯವರು ಆಡಿಕೊಂಡರು. ನೇಕಾರನಿಗೆ ಅದು ಕೇಳಿಸಿತು. ಅವನು ತಾಟಿಗೆ ಇನ್ನೊಂದು ರೊಟ್ಟಿ ಹಾಕಿಕೊಂಡ.

ಅಜ್ಜಾರು ಕತೆ ನಿಲ್ಲಿಸಿದರು. ಚಾಚಿದ ಕಾಲನ್ನು ನಿಧಾನವಾಗಿ ಮಡಿಸಿಕೊಂಡರು.

ಕತೆ ತನ್ನ ವ್ರತದ ಬಗ್ಗೆಯೇ ಎಂದು ಚರಂತಯ್ಯನಿಗೆ ಅರ್ಥವಾಗಿತ್ತು. ಹಾಲು ಮತ್ತು ಬಾಳೆಹಣ್ಣಿನ ಮೇಲೆ ನಿಂತ ತನ್ನ ಕಣ್ಣಿಗೆ ಕಂಡದ್ದೆಲ್ಲ ಇತರರ ತಪ್ಪುಗಳೇ ಆಗಿದ್ದವು ಎಂದು ಅವನಿಗೆ ನಾಚಿಕೆಯೂ ಆಯಿತು. ನಾಚಿಕೆಯ ಜೊತೆಗೆ, ಬೇಗ ಅರ್ಥವಾಯಿತಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು.

“ತಿಳೀತ್ರೀ ಅಜ್ಜಾರ,” ಎಂದ. “ಇವತ್ತ ವ್ರತ ಬಿಡತೇನಿ. ಪಂಕ್ತಿಗೆ ಕುಂತು ಹೊಟ್ಟಿ ತುಂಬ ಉಣತೇನಿ.”

“ನೀ ಉಣ್ಣಪಾ,” ಎಂದರು ಅಜ್ಜಾರು, “ಗದಿಗೆಪ್ಪ ಕುಂತು ಉಂಡದ್ದನ್ನ ಈ ಮಠದಾಗ ಕಂಡಾವರು ಯಾರು ಅದಾರ?”

ಚರಂತಯ್ಯ ಎದ್ದು ಅಡುಗೆಮನೆಗೆ ಹೋಗಿ, ಎರಡು ತಾಟು ಎದುರುಬದುರು ಇಟ್ಟು ಗದಿಗೆಪ್ಪನನ್ನು ಕರೆದ.